ಮಟವಾರಾ ಎಂಬ ಊರು
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರರಿದ್ದಾರೆ, ತಹಸೀಲ್ದಾರರಿದ್ದಾರೆ, ಬೆಂಗಳೂರಲ್ಲಿ ಕಂಪ್ಯೂಟರ್ ಕಂಪನಿ ನಡೆಸುವವರಿದ್ದಾರೆ. ನಾನು ತೊಗರಿ ನೋಡುವವನು. ಹದಿನಾರು ವರ್ಷದಿಂದ ನನ್ನ ಕಸುಬು ಅದೊಂದೇ: ಚೀಲಕ್ಕೆ ಬೊಂಬು ಚುಚ್ಚಿ ಕಾಳು ತೆಗೆದು, ಎಷ್ಟು ಒಣಗಿದೆ, ಎಷ್ಟು ಒಡೆದಿದೆ, ಹುಳ ಬಿದ್ದಿದೆಯೋ ಇಲ್ಲವೋ ಹೇಳುವುದು. ಈ ಕಸುಬಿನ ಮೇಲೆ ನಾನು ಪೂರ್ವ ಆಫ್ರಿಕದ ಟಾಂಜಾನಿಯಾ ದೇಶದಲ್ಲಿ ಐದು ವರ್ಷ ಇದ್ದೆ. ಅದರ ಬಗ್ಗೆ ಮಾತಾಡು ಎಂದು ನಮ್ಮ ಮುಖ್ಯಗುರುಗಳು ಹೇಳಿದ್ದಾರೆ. ಸಿಂಹ, ಆನೆ, ಜಿರಾಫೆಯ ಕಥೆ ಕೇಳಲು ಕೂತ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಅವನ್ನು ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ ಎರಡು ಜಿರಾಫೆ. ತೊಗರಿ ಮಾತ್ರ ಬೇಕಾದಷ್ಟು ನೋಡಿದ್ದೇನೆ.

ನಮ್ಮದು ಆಳಂದ ತಾಲೂಕು, ಅವ್ವನ ತವರು ಜೇವರ್ಗಿ ಕಡೆ, ಅಕ್ಕನನ್ನು ಕೊಟ್ಟದ್ದು ಅಫಜಲಪುರಕ್ಕೆ. ಮೂರೂ ಕಡೆ ಕರಿ ಮಣ್ಣು, ಮೂರೂ ಕಡೆ ತೊಗರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ನಿಮಗೆ ಗೊತ್ತು. ಆದರೆ ಅದಕ್ಕೂ ಬಹಳ ಮೊದಲು, ನಾನು ಕಾಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಮೂರು ಹೊಸ ಮಾತು ಕಿವಿಗೆ ಬಿದ್ದವು. ಆರೂಷಾ, ಮಟವಾರಾ, ಗಜರಿ. 'ಈ ಗಾಡಿ ಮಟವಾರಾದ್ದು, ಆ ಗಾಡಿ ಆರೂಷಾದ್ದು' ಎಂದು ಹಮಾಲರು ಮಾತಾಡುತ್ತಿದ್ದರು. ಮಹಾರಾಷ್ಟ್ರದ ಯಾವುದೋ ಊರಿರಬೇಕು, ಲಾತೂರು ಉದಗೀರಿನ ಆಚೆ ಎಂದು ಅಲ್ಲಿ ಬಹಳ ಮಂದಿ ತಿಳಿದಿದ್ದರು. ಅವು ಹಡಗಿನಲ್ಲಿ ಮುಂಬೈ ಬಂದರಿಗೆ ಬಂದು ಅಲ್ಲಿಂದ ಲಾರಿಯಲ್ಲಿ ನಮ್ಮ ಗಿರಣಿಗೆ ಬರುವ ತೊಗರಿ. ಆರೂಷಾ ಟಾಂಜಾನಿಯಾದ ಉತ್ತರದ ಊರು. ಮಟವಾರಾ ಎಂದರೆ ಅದೇ ದೇಶದ ದಕ್ಷಿಣ ತುದಿಯ ಬಂದರು, ಅವರ ಬಾಯಲ್ಲಿ 'ಮ್ತ್ವಾರಾ'. ಗಜರಿ ಮೊಜಾಂಬಿಕ್ ದೇಶದ ಕಾಳು. ನಮ್ಮ ಮಾರ್ಕೆಟ್ಟಿನ ಮಂದಿ ಆಫ್ರಿಕದ ಊರಿನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ದಿನಾ ಆಡುತ್ತಿದ್ದರು, ಆದರೆ ಆ ಊರು ಎಲ್ಲಿವೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ.

2014ರಲ್ಲಿ ಮುಂಬೈಯ ಒಂದು ವ್ಯಾಪಾರದ ಕಂಪನಿ ಅಲ್ಲಿಯೇ ಇದ್ದು ಮಾಲು ನೋಡುವವರು ಬೇಕು ಎಂದಿತು. ನಾನು ಒಪ್ಪಿದೆ. ಪಾಸ್‌ಪೋರ್ಟಿನಲ್ಲಿ ಇನ್ನೂ 'ಗುಲ್ಬರ್ಗಾ' ಎಂದೇ ಇತ್ತು. ಕಲಬುರಗಿ ಎಂದು ಹೆಸರು ಬದಲಾದದ್ದು ಆ ವರ್ಷ ನವೆಂಬರ್ ಒಂದಕ್ಕೆ. ಆಗ ಟಿವಿಯಲ್ಲಿ ಎಬೋಲಾ ರೋಗದ ಸುದ್ದಿ ಹಗಲು ರಾತ್ರಿ. ಅವ್ವ ಊಟ ಬಿಟ್ಟಳು. ನಮ್ಮ ಓಣಿಯ ಹಿರಿಯರೊಬ್ಬರು ಬಂದು, 'ಎಪ್ಪಾ, ಅಲ್ಲಿ ರೋಗ ಬಂದು ಮಂದಿ ಸಾಯ್ಲತ್ತಾರ, ನೀ ಅಲ್ಲೇ ಯಾಕ ಹೊಂಟಿ?' ಎಂದರು. ರೋಗ ಇದ್ದದ್ದು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಎಂಬ ಪಶ್ಚಿಮ ತುದಿಯ ದೇಶಗಳಲ್ಲಿ. ನಾನು ಹೊರಟದ್ದು ಪೂರ್ವ ತುದಿಗೆ. ಇದೇ ಶಾಲೆಯ ಹಳೆಯ ನಕಾಶೆ ಗೋಡೆಯ ಮೇಲೆ ಬಿಡಿಸಿ ತೋರಿಸಿದ ಮೇಲೆ ಅವರು ನಂಬಿದರು, ಅವ್ವ ನಂಬಲಿಲ್ಲ. ಟಾಂಜಾನಿಯಾ ಒಂದೇ ನಮ್ಮ ಕರ್ನಾಟಕದ ಐದರಷ್ಟಿದೆ. ಆಫ್ರಿಕ ಎಂಬುದು ಒಂದು ಊರಲ್ಲ, ಐವತ್ತಕ್ಕೂ ಹೆಚ್ಚು ದೇಶ. ನಮ್ಮ ಪೇಪರಿನವರು ಇದನ್ನು ಇನ್ನೂ ಕಲಿತಿಲ್ಲ ಎಂಬುದು ನನ್ನ ತಕರಾರು.

ಹೋಗುವ ಮೊದಲು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಹಳದಿ ಬಣ್ಣದ ಪುಸ್ತಕ ತೆಗೆದುಕೊಳ್ಳಬೇಕು. ಅದು ಪ್ರಯಾಣಕ್ಕಿಂತ ಹತ್ತು ದಿನ ಮೊದಲೇ ಆಗಬೇಕು. ಅದಿಲ್ಲದೆ ವಾಪಸು ಭಾರತಕ್ಕೆ ಬಂದರೆ ನಮ್ಮವರೇ ವಿಮಾನ ನಿಲ್ದಾಣದಲ್ಲಿ ತಡೆದು ಕೂಡಿಸುತ್ತಾರೆ. ಮುಂಬೈನಿಂದ ನೈರೋಬಿ, ಅಲ್ಲಿಂದ ದಾರ್ ಎಸ್ ಸಲಾಂ. ಇಳಿದಾಗ ಗಡಿಯಾರ ಎರಡೂವರೆ ತಾಸು ಹಿಂದಕ್ಕೆ ತಿರುಗಿಸಿದೆ. ಹೊರಗೆ ಬಂದರೆ ಮುಂಬೈಯದೇ ಬೆವರು, ಮುಂಬೈಯದೇ ಕಾಗೆ. ಆ ಕಾಗೆಗಳೂ ನಮ್ಮ ದೇಶದಿಂದ ಹೋದವೇ ಎಂದು ಆಮೇಲೆ ತಿಳಿಯಿತು.

ನಿಲ್ದಾಣದ ಬಾಗಿಲಲ್ಲಿ ಒಬ್ಬ ಹುಡುಗ, 'ಬಾಜಾಜಿ? ಬಾಜಾಜಿ?' ಎಂದು ಕೂಗುತ್ತಿದ್ದ. ನೋಡಿದರೆ ನಮ್ಮ ಆಟೋ! ಬಜಾಜ್ ಕಂಪನಿಯ ಗಾಡಿ ಅಲ್ಲಿಗೆ ಹೋಗಿ, ಕಂಪನಿಯ ಹೆಸರೇ ಗಾಡಿಯ ಹೆಸರಾಗಿದೆ. ಗಾಡಿಗೂ ಅವರು ಅನ್ನುವುದು 'ಗಾರಿ'.

ಈಗ ಭಾಷೆಯ ಮಾತು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರ ಕನ್ನಡವನ್ನು ಕೇಳಿ ನಗುವವರಿಗೆ ಇದು ಉತ್ತರ. ಧಾರವಾಡದವರು, ಮೈಸೂರಿನವರು ನಮ್ಮನ್ನು ನೋಡಿ 'ನಿಮ್ಮದು ಅರ್ಧ ಉರ್ದು' ಎನ್ನುತ್ತಾರೆ. ಆ ಅರ್ಧ ಉರ್ದುವೇ ಅಲ್ಲಿ ನನ್ನನ್ನು ಕಾಪಾಡಿತು. ಅವರ ಸ್ವಾಹಿಲಿ ಭಾಷೆ ಅರಬ್ಬೀ ವ್ಯಾಪಾರಿಗಳ ಜೊತೆ, ನಮ್ಮ ಗುಜರಾತಿ ಕಛ್ಛೀ ವ್ಯಾಪಾರಿಗಳ ಜೊತೆ ನೂರಾರು ವರ್ಷ ಒಡನಾಡಿದ ಭಾಷೆ. ಖಬರು ಎಂದರೆ 'ಹಬಾರಿ'. ದುಕಾನ 'ದುಕಾ'. ಹಿಸಾಬು 'ಹೆಸಾಬು'. ಸಾಬೂನು 'ಸಬೂನಿ'. ತಾರೀಖು 'ತಾರೆಹೆ'. ದವಾ 'ದಾವಾ'. ಸರಕಾರ 'ಸೆರಿಕಾಲಿ'. ದುನಿಯಾ 'ದುನಿಯಾ'ವೇ. ನಾವು ಗೋಣಿ ಚೀಲ ಎಂದರೆ ಅವರು 'ಗುನಿಯಾ' ಎನ್ನುತ್ತಾರೆ. ಒಂದು ಲಕ್ಷಕ್ಕೆ 'ಲಾಕಿ ಮೋಜಾ'. ಭಜ್ಜಿಗೆ 'ಬಾಜಿಯಾ', ಚಪಾತಿಗೆ 'ಚಪಾತಿ', ಚಹಾಕ್ಕೆ 'ಚಾಯಿ'. ಮೂರು ತಿಂಗಳಲ್ಲಿ ನಾನು ಚೌಕಾಸಿ ಮಾಡುವಷ್ಟು ಕಲಿತೆ. ಜೊತೆಗೆ ಬಂದಿದ್ದ ತಮಿಳುನಾಡಿನ ಹುಡುಗನಿಗೆ ಒಂದು ವರ್ಷ ಬೇಕಾಯಿತು.

ಆದರೆ ಬಂಧುಬಳಗದ ಮಾತು ಬಂದರೆ ಎಲ್ಲ ಅದಲು ಬದಲು. ನಮ್ಮ ಕಾಕಾ ಅಪ್ಪನ ತಮ್ಮ, ಅವರ 'ಕಾಕಾ' ಅಣ್ಣ. ಮರಾಠಿಯ ದಾದಾ ಅಣ್ಣ, ಅವರ 'ದಾದಾ' ಅಕ್ಕ. ನಮ್ಮ ಮಾಮಾ ಅವ್ವನ ತಮ್ಮ, ಅವರ 'ಮಾಮಾ' ಹೆತ್ತ ತಾಯಿ. ಬೀಬಿ ಎಂದರೆ ಅಜ್ಜಿ, ಬಾಬು ಎಂದರೆ ಅಜ್ಜ. ಮಾರ್ಕೆಟ್ಟಿನಲ್ಲಿ ವಯಸ್ಸಾದ ಹೆಣ್ಣುಮಗಳನ್ನು 'ಮಾಮಾ' ಎಂದು ಕರೆಯುವಾಗ ನನಗೆ ಮೊದಮೊದಲು ನಗು ಬರುತ್ತಿತ್ತು.

ಗೌರವದ ವಿಷಯದಲ್ಲಿ ಮಾತ್ರ ಅವರು ನಮ್ಮಂತೆಯೇ, ನಮಗಿಂತ ಒಂದು ಕೈ ಮುಂದು. ಚಿಕ್ಕವರು ಹಿರಿಯರನ್ನು ಕಂಡರೆ 'ಶಿಕಾಮೂ' ಎನ್ನಬೇಕು. ಹಿರಿಯರು 'ಮರಹಾಬಾ' ಎನ್ನುತ್ತಾರೆ. ಶಿಕಾಮೂ ಎಂದರೆ 'ನಿಮ್ಮ ಕಾಲು ಹಿಡಿಯುತ್ತೇನೆ' ಎಂದು ಅರ್ಥ ಹೇಳುತ್ತಾರೆ. ನಾವು ಹಿರಿಯರಿಗೆ ಶರಣ್ರೀ ಎನ್ನುವ ಹಾಗೆ. ಮಾಲು ಖರೀದಿಗೆ ಹೋದವನು ಹಳ್ಳಿಯ ಮುದುಕನಿಗೆ ಶಿಕಾಮೂ ಎನ್ನದೆ ನೇರ ದರ ಕೇಳಿದನೋ, ಆ ದಿನ ಅವನಿಗೆ ಒಂದು ಗುನಿಯಾ ತೊಗರಿಯೂ ಸಿಗುವುದಿಲ್ಲ. ಅಲ್ಲಿಯ ಕೆಲವು ಭಾರತೀಯ ವ್ಯಾಪಾರಿಗಳು ಅಜ್ಜನ ವಯಸ್ಸಿನ ಹಮಾಲನನ್ನೂ ಏಕವಚನದಲ್ಲಿ ಗದರುವುದನ್ನು ನೋಡಿದ್ದೇನೆ. ನಮ್ಮಲ್ಲಿ ಮಾಡುವುದನ್ನೇ ಅಲ್ಲಿಯೂ ಮಾಡುತ್ತಾರೆ, ಹೊಸದೇನಲ್ಲ.

ಹೊತ್ತು ಎಣಿಸುವುದನ್ನೂ ಹೇಳಬೇಕು. ಅವರ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರು. ಬೆಳಗಿನ ಏಳು ಗಂಟೆಗೆ ಅವರು 'ಒಂದು ಗಂಟೆ' ಎನ್ನುತ್ತಾರೆ. ಬಸ್ಸು ಹನ್ನೆರಡಕ್ಕೆ ಎಂದರೆ ಅದು ಬೆಳಗಿನ ಆರು. ನಮ್ಮ ಅಜ್ಜಿ 'ಹೊತ್ತು ಹುಟ್ಟಿ ಎರಡು ತಾಸಿಗೆ' ಎನ್ನುತ್ತಿದ್ದಳಲ್ಲ, ಅದೇ ಲೆಕ್ಕ. ಭೂಮಧ್ಯರೇಖೆಗೆ ಹತ್ತಿರದ ದೇಶವಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ, ಆ ಲೆಕ್ಕ ಅವರಿಗೆ ತಪ್ಪುವುದಿಲ್ಲ.

ದಾರ್ ಎಸ್ ಸಲಾಂನಿಂದ ಮಟವಾರಾಕ್ಕೆ ಐನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಆಗ ರಸ್ತೆಯ ಒಂದು ಭಾಗ ಕೆಲಸ ಮುಗಿದಿರಲಿಲ್ಲ. ಬೆಳಗಿನ ಬಸ್ಸು ಹತ್ತಿ ರಾತ್ರಿ ಇಳಿದೆ. ದಾರಿಯಲ್ಲಿ ರುಫೀಜಿ ಎಂಬ ದೊಡ್ಡ ಹೊಳೆ. ಅದಕ್ಕೆ 2003ರಲ್ಲಿ ಸೇತುವೆ ಆಗುವ ಮೊದಲು ಮಳೆಗಾಲದಲ್ಲಿ ಇಡೀ ದಕ್ಷಿಣ ಸೀಮೆ ದಾರ್ ಎಸ್ ಸಲಾಂನಿಂದ ಕಡಿದುಹೋಗುತ್ತಿತ್ತಂತೆ. ಅಫಜಲಪುರ ಕಡೆಯ ಭೀಮಾ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಬದಿ ಗೋಡಂಬಿ ಗಿಡ, ತೆಂಗು, ನಡುನಡುವೆ ಆನೆಯ ಕಾಲಿನಂಥ ದಪ್ಪ ಮರಗಳು. ಹಾವೇರಿ ಜಿಲ್ಲೆಯ ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಎಂದು ಮರ ತೋರಿಸುತ್ತಾರೆ, ಅದೇ ಜಾತಿ. ಸವಣೂರಿನಲ್ಲಿ ಅದಕ್ಕೆ ಪೂಜೆ. ಅಲ್ಲಿ ಅದರ ನೆರಳಲ್ಲಿ ಬಸ್ ಸ್ಟಾಪು.

ಬೆಳಿಗ್ಗೆ ಎದ್ದು ಹಳ್ಳಿಗೆ ಹೋಗಿ ಹೊಲ ನೋಡಿದೆ. ತೊಗರಿ! ನಮ್ಮದೇ ತೊಗರಿ, ಆದರೆ ನನಗಿಂತ ಎತ್ತರ. ನಡುವೆ ಗೋವಿನಜೋಳದ ದಂಟು. ಅವರು ತೊಗರಿಗೆ 'ಮ್ಬಾಜಿ' ಎನ್ನುತ್ತಾರೆ. ನಮ್ಮಲ್ಲಿ ಜೂನ್ ಜುಲೈನಲ್ಲಿ ಬಿತ್ತನೆ, ಆಗ ಅಲ್ಲಿ ಕಾಯಿ ಬಲಿಯುತ್ತಿರುತ್ತದೆ. ನಮ್ಮಲ್ಲಿ ರಾಶಿ ಮಾಡುವಾಗ ಅವರು ಬಿತ್ತುತ್ತಾರೆ. ಅವರು ಭೂಮಧ್ಯರೇಖೆಯ ಕೆಳಗೆ, ನಾವು ಮೇಲೆ, ಮಳೆಗಾಲವೇ ತಲೆಕೆಳಗು. ಆದ್ದರಿಂದ ಎಳ್ಳಮಾಸಿ ದಿನ ಭಜ್ಜಿ ಪಲ್ಲೆ ಮಾಡೋಣ ಎಂದರೆ ಹಸಿ ತೊಗರಿ ಕಾಳು ಸಿಗುವುದಿಲ್ಲ. ಐದು ಎಳ್ಳಮಾಸಿ ನಾನು ಒಣ ಕಾಳು ನೆನೆಸಿ ಕಳೆದೆ. ಅವರು ಬೇಳೆ ಮಾಡುವುದು ಕಡಿಮೆ. ಇಡೀ ಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಬಹಳ ರುಚಿ, ನಮ್ಮ ಮನೆಯಲ್ಲಿ ಮಾಡಿಸಿ ನೋಡಿದೆ, ಅಪ್ಪ ಒಂದು ತುತ್ತು ತಿಂದು 'ಇದು ಪಾಯಸನೋ ಪಲ್ಲೆನೋ?' ಎಂದ.

ತೊಗರಿಯ ತವರು ನಮ್ಮ ಭಾರತ, ಇಲ್ಲಿಂದ ಅದು ಸಮುದ್ರ ದಾಟಿ ಅಲ್ಲಿಗೆ ಹೋಯಿತು. ನಾವು ದಿನಾ ರೊಟ್ಟಿ ಬಡಿಯುವ ಜೋಳ ಆಫ್ರಿಕದ ಬೆಳೆ. ಮೈಸೂರಿನವರ ರಾಗಿಯೂ ಅಲ್ಲಿಯದೇ. ಬಿಳಿಜೋಳ ನಮ್ಮದು ಎಂದು ಸೊಲ್ಲಾಪುರದವರ ಜೊತೆ ಜಗಳಾಡುವ ನಾವು ಇದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ಭಾಗದಲ್ಲಿ ನೆಟೆ ರೋಗದ ಹೊಡೆತ ಗೊತ್ತೇ ಇದೆ. ಅದನ್ನು ತಡೆಯಲೆಂದು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಆರಿಸಿದ 'ಮಾರುತಿ' ತಳಿಯನ್ನು ನಮ್ಮ ಅಪ್ಪಂದಿರು ಬಿತ್ತಿದರು. ಅದೇ ಸಂಸ್ಥೆ ಪೂರ್ವ ಆಫ್ರಿಕದಲ್ಲಿ ಕೊಟ್ಟ ರೋಗ ತಡೆಯುವ ತಳಿಯ ಹೆಸರು 'ಮಾಲಿ'. ಸ್ವಾಹಿಲಿಯಲ್ಲಿ ಅದರ ಅರ್ಥ ಆಸ್ತಿ, ಸಂಪತ್ತು. ನಮ್ಮ ಮಾಲು.

ಶೇಂಗಾ ಬೆಳೆಯುವವರಿಗೆ ಒಂದು ಕಥೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸರಕಾರಕ್ಕೆ ಅಡುಗೆ ಎಣ್ಣೆಯ ಬರ ಬಂತು. ಟಾಂಜಾನಿಯಾ ಆಗ ಅವರ ಕೈಯಲ್ಲಿತ್ತು. 1947ರಲ್ಲಿ ಟ್ರಾಕ್ಟರು, ಯುದ್ಧದಲ್ಲಿ ಉಳಿದ ಟ್ಯಾಂಕು ತಂದು ಕಾಡು ಕಡಿದು ಲಕ್ಷಗಟ್ಟಲೆ ಎಕರೆ ಶೇಂಗಾ ಹಾಕುತ್ತೇವೆ ಎಂದು ಹೊರಟರು. ಮಳೆ ನೋಡಲಿಲ್ಲ, ಮಣ್ಣು ನೋಡಲಿಲ್ಲ. ಬೇಸಿಗೆಯಲ್ಲಿ ಆ ಮಣ್ಣು ಸಿಮೆಂಟಿನಂತೆ ಗಟ್ಟಿಯಾಗಿ ಶೇಂಗಾ ಕೀಳಲು ಬರಲಿಲ್ಲ. ಮೂರು ಕೋಟಿ ಪೌಂಡಿಗೂ ಹೆಚ್ಚು ಹಣ ಹಾಕಿ 1951ರಲ್ಲಿ ಕೈಬಿಟ್ಟರು. ಆ ಶೇಂಗಾ ಸಾಗಿಸಲು ಎಂದು ಕಟ್ಟಿದ ಬಂದರೇ ಮಟವಾರಾ. ಶೇಂಗಾ ಹೋಗಲಿಲ್ಲ, ಅರವತ್ತು ವರ್ಷದ ಮೇಲೆ ತೊಗರಿ ಹೋಯಿತು.

ರಜೆ ಸಿಕ್ಕಾಗ ಕಿಲ್ವಾ ಎಂಬ ದ್ವೀಪಕ್ಕೆ ಹೋಗಿದ್ದೆ. ಒಂದು ಕಾಲದಲ್ಲಿ ಬಂಗಾರದ ವ್ಯಾಪಾರದಿಂದ ಮೆರೆದ ಊರು, ಈಗ ಹವಳದ ಕಲ್ಲಿನ ಹಾಳು ಗೋಡೆಗಳು. 1331ರಲ್ಲಿ ಇಬ್ನ್ ಬತೂತ ಅಲ್ಲಿಗೆ ಬಂದಿದ್ದ. ಅವನೇ ಆಮೇಲೆ ದೆಹಲಿಗೆ ಬಂದು ತುಘಲಕನ ಕೈಕೆಳಗೆ ಇದ್ದವನು. ಅಲ್ಲಿಯ ದೊಡ್ಡ ಮಸೀದಿಯೊಳಗೆ ಕಾಲಿಟ್ಟಾಗ ಸಾಲು ಕಂಬ, ಮೇಲೆ ಸಾಲು ಗುಮ್ಮಟ. ನಮ್ಮ ಕಲಬುರಗಿ ಕೋಟೆಯ 1367ರ ಜಾಮಿಯಾ ಮಸೀದಿ ನೆನಪಾಯಿತು, ಅದೂ ನಡುವೆ ಅಂಗಳವಿಲ್ಲದೆ ಪೂರ್ತಿ ಗುಮ್ಮಟ ಹೊದ್ದ ಕಟ್ಟಡ. ಒಬ್ಬರನ್ನು ನೋಡಿ ಒಬ್ಬರು ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಒಂದೇ ಸಮುದ್ರದ ಎರಡು ದಂಡೆ, ಅಷ್ಟೇ.

ಆದರೆ ಆ ಸಮುದ್ರದ ಮೇಲೆ ಬಂಗಾರ, ತೊಗರಿ ಮಾತ್ರ ಹೋಗಲಿಲ್ಲ. ಮನುಷ್ಯರನ್ನೂ ಸಾಗಿಸಿದರು. ಹಿಡಿದು ತಂದ ಮಂದಿಯನ್ನು ಕಿಲ್ವಾ ಕಡೆಯ ಬಂದರಿನಿಂದ ಜಾಂಜಿಬಾರ್ ದ್ವೀಪಕ್ಕೆ ಒಯ್ದು ಮಾರುತ್ತಿದ್ದರು. ಆ ಸಂತೆ ಮುಚ್ಚಿದ್ದು 1873ರಲ್ಲಿ. ಆ ಜಾಗದಲ್ಲಿ ಈಗ ಒಂದು ಚರ್ಚು ಇದೆ. ಆ ವ್ಯಾಪಾರಕ್ಕೆ ಸಾಲ ಕೊಟ್ಟವರಲ್ಲಿ ನಮ್ಮ ದೇಶದ ಸಾಹುಕಾರರೂ ಇದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಿರಿಯರು ಆಫ್ರಿಕದಿಂದ ಬಂದವರು. ಬೀದರಿನಲ್ಲಿ ಹಬಸಿ ಕೋಟ್ ಎಂಬ ಗುಡ್ಡವಿದೆ, ನೋಡಿದವರಿರಬೇಕು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಿಹೋಗಿ, ದಖ್ಖನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ, ಜಹಾಂಗೀರನ ಫೌಜನ್ನು ಸಾಯುವತನಕ ತಡೆದ, 1626ರಲ್ಲಿ ತೀರಿಕೊಂಡ. ವಿಜಯಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬಸಿ ದೊಡ್ಡ ಮಂತ್ರಿಯಾಗಿದ್ದ. ಹಾಗೆ ನೋಡಿದರೆ ನಾನು ಅಲ್ಲಿಗೆ ಹೋದದ್ದು ದೊಡ್ಡದಲ್ಲ, ಅವರು ನಾನೂರು ವರ್ಷ ಮೊದಲೇ ನಮ್ಮಲ್ಲಿಗೆ ಬಂದು ಹೋಗಿದ್ದಾರೆ.

2016ರ ಫೆಬ್ರವರಿಯ ಮೊದಲ ವಾರ. ಮಟವಾರಾದ ಗೋದಾಮಿನಲ್ಲಿ ಕೂತಿದ್ದೆ. ನಮ್ಮ ಲೆಕ್ಕ ಬರೆಯುವ ಹೆಣ್ಣುಮಗಳು ಮೊಬೈಲು ತಂದು ನನ್ನ ಮುಂದೆ ಹಿಡಿದಳು. ಬೆಂಗಳೂರಿನಲ್ಲಿ ಯಾರೋ ಸೂಡಾನ್ ದೇಶದವನ ಕಾರು ಹಾಯ್ದು ಒಬ್ಬ ಹೆಣ್ಣುಮಗಳು ಸತ್ತಿದ್ದರು. ಆ ಸಿಟ್ಟಿಗೆ ಗುಂಪು ಸೇರಿ, ಅದಕ್ಕೆ ಸಂಬಂಧವೇ ಇಲ್ಲದ, ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಹೊಡೆದು, ಬಟ್ಟೆ ಹರಿದು, ಕಾರು ಸುಟ್ಟಿದ್ದರು. 'ಕಾಕಾ, ಬೆಂಗಳೂರು ನಿಮ್ಮ ಊರೇ?' ಎಂದು ಕೇಳಿದಳು. ನಮ್ಮ ಊರಿನಿಂದ ಬೆಂಗಳೂರು ಆರುನೂರು ಕಿಲೋಮೀಟರ್ ದೂರ ಎಂದು ಹೇಳಬಹುದಿತ್ತು. ನಮ್ಮ ರಾಜಧಾನಿ, ಹೌದು ಎಂದೆ. ಆಕೆ ಏನೂ ಅನ್ನಲಿಲ್ಲ. ಆ ದಿನ ಸಂಜೆ ರೂಮಿಗೆ ಒಬ್ಬನೇ ನಡೆದು ಹೋಗಬೇಕಿತ್ತು. ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಯಾರೂ ಒಂದು ಮಾತು ಆಡಲಿಲ್ಲ. ಚಹಾ ಅಂಗಡಿಯ ಮುದುಕ 'ಪೋಲೆ' ಎಂದ. ಅವರ ಭಾಷೆಯಲ್ಲಿ ಅದು ಸಾವು ನೋವಿನಲ್ಲಿ ಸಮಾಧಾನಕ್ಕೆ ಹೇಳುವ ಮಾತು. ಅವರ ಹುಡುಗಿಗೆ ಪೆಟ್ಟು ಬಿದ್ದಿದೆ, ಸಮಾಧಾನ ನನಗೆ ಹೇಳುತ್ತಾನೆ.

ಇನ್ನು ತೊಗರಿಯ ದರದ ಮಾತು. ಊರಲ್ಲಿ ನನ್ನನ್ನು ಕಂಡರೆ ಕೆಲವರು ಈಗಲೂ ಕೇಳುವ ಪ್ರಶ್ನೆ ಇದೆ, ಅದನ್ನು ಈ ವೇದಿಕೆಯಲ್ಲೇ ಮುಗಿಸುತ್ತೇನೆ.

2015ರಲ್ಲಿ ದೇಶದಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆಗ ಟಾಂಜಾನಿಯಾದ ಹಳ್ಳಿಗಳಲ್ಲಿ ನಾವು ಕೊಟ್ಟ ದರಕ್ಕೆ ಜನ ತಗಡು ಹೊದಿಸಿ ಮನೆ ಕಟ್ಟಿದರು, ಮೋಟಾರ್ ಸೈಕಲ್ ಕೊಂಡರು. ಗೋವಿನಜೋಳ ಬಿಟ್ಟು ತೊಗರಿ ಹಾಕಿದರು. ಇಲ್ಲಿಯೂ ಹಾಗೇ, ಮರು ವರ್ಷ ಮಳೆ ಚೆನ್ನಾಗಿ ಬಂತು, ಎಲ್ಲರೂ ತೊಗರಿಯನ್ನೇ ಬಿತ್ತಿದರು. 2017ರ ಆರಂಭದಲ್ಲಿ ನಮ್ಮ ಕಡೆ ರಾಶಿ ಬಂದಾಗ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಮಾರ್ಕೆಟ್ಟಿನಲ್ಲಿ ಅದಕ್ಕಿಂತ ಬಹಳ ಕೆಳಗೆ. ಖರೀದಿ ಕೇಂದ್ರದ ಮುಂದೆ ಟ್ರಾಕ್ಟರಿನ ಸಾಲು. ಅಣ್ಣ ನಾಲ್ಕು ದಿನ ಸಾಲಿನಲ್ಲಿ ಮಲಗಿ, ಚೀಲ ಸಿಗದೆ, ಕಡೆಗೆ ಬಂದ ದರಕ್ಕೆ ವ್ಯಾಪಾರಿಗೆ ಹಾಕಿ ಬಂದ. ಆ ರಾತ್ರಿ ಫೋನು ಮಾಡಿದ.

'ಹೊರಗಿನ ತೊಗರಿ ಬಂದೇ ನಮ್ದು ಬಿತ್ತು ಅಂತಾರ. ಆ ತೊಗರಿ ನೋಡಿ ಪಾಸ್ ಮಾಡಿ ಕಳಿಸಾಂವ ನೀನೇ. ನೀ ಯಾರ ಕಡಿ ಅದೀಯೋ ತಮ್ಮಾ?'

ನನ್ನ ಪಗಾರದಿಂದಲೇ ಆ ಹೊಲಕ್ಕೆ ಬೀಜ ಗೊಬ್ಬರ ಹೋಗಿತ್ತು. ಅದನ್ನು ಅವನೂ ಬಲ್ಲ, ನಾನೂ ಬಲ್ಲೆ. ಇಬ್ಬರೂ ಆ ಮಾತು ಎತ್ತಲಿಲ್ಲ.

ಅದೇ ವರ್ಷ ಆಗಸ್ಟ್ 5ರಂದು ದೆಹಲಿಯಿಂದ ಆದೇಶ ಬಂತು: ವರ್ಷಕ್ಕೆ ಎರಡು ಲಕ್ಷ ಟನ್‌ಗಿಂತ ಹೆಚ್ಚು ತೊಗರಿ ಹೊರಗಿನಿಂದ ತರುವಂತಿಲ್ಲ. ಮೊಜಾಂಬಿಕ್ ಜೊತೆ 2016ರಲ್ಲೇ ಒಪ್ಪಂದವಾಗಿತ್ತು, ಅವರ ಪಾಲು ಬೇರೆ. ಟಾಂಜಾನಿಯಾದ ಜೊತೆ ಅಂಥ ಒಪ್ಪಂದ ಇರಲಿಲ್ಲ. ಮಟವಾರಾದ ದಕ್ಷಿಣಕ್ಕೆ ರುವೂಮಾ ಹೊಳೆ, ಅದರ ಆಚೆ ಮೊಜಾಂಬಿಕ್. ಹೊಳೆಯ ಆ ದಂಡೆಯ ತೊಗರಿಗೆ ಗಿರಾಕಿ ಉಂಟು, ಈ ದಂಡೆಯ ತೊಗರಿಗೆ ಇಲ್ಲ. ಆಗಸ್ಟ್ ಎಂದರೆ ಅಲ್ಲಿ ಸುಗ್ಗಿ. ಕೊಯ್ದು ಬಡಿದು ಚೀಲ ತುಂಬಿ ಇಟ್ಟಾಗಿದೆ. ಹಿಂದಿನ ವರ್ಷದ ದರದ ಕಾಲು ಭಾಗಕ್ಕೂ ಕೇಳುವವರಿರಲಿಲ್ಲ. ಕಂಪನಿ ಖರೀದಿ ನಿಲ್ಲಿಸು ಎಂದಿತು. ಅದನ್ನು ಹಳ್ಳಿ ಹಳ್ಳಿಗೆ ಹೋಗಿ ಹೇಳುವ ಕೆಲಸ ನನ್ನದು.

ಒಂದು ಹಳ್ಳಿಯಲ್ಲಿ ಒಬ್ಬ ಬೀಬಿ, ಎಪ್ಪತ್ತರ ಮೇಲೆ ವಯಸ್ಸು, ಹನ್ನೊಂದು ಚೀಲ ತೊಗರಿ ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ನಾನು ಶಿಕಾಮೂ ಎಂದೆ, ಆಕೆ ಮರಹಾಬಾ ಎಂದಳು. ವಿಷಯ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: 'ವಾಹಿಂದಿ ತೊಗರಿ ತಿನ್ನುವುದು ಬಿಟ್ಟರೇ?' ವಾಹಿಂದಿ ಎಂದರೆ ಭಾರತದವರು. ಬಿಟ್ಟಿಲ್ಲ ಬೀಬಿ, ಈ ಸಲ ನಮ್ಮಲ್ಲೇ ಬಹಳ ಬೆಳೆದಿದೆ ಎಂದೆ. 'ನಿನ್ನ ಮನೆಯಲ್ಲಿ ಯಾರು ಬೆಳೆಯುತ್ತಾರೆ?' ಅಣ್ಣ ಎಂದೆ. 'ಅವನಿಗಾದರೂ ಒಳ್ಳೆಯ ದರ ಬಂತೇ?' ಇಲ್ಲ ಎಂದೆ. ಆಕೆ ಎದ್ದು ಒಳಗೆ ಹೋಗಿ ತೆಂಗಿನ ಹಾಲಿನ ತೊಗರಿ ಒಂದು ಬಟ್ಟಲು ತಂದು ಮುಂದೆ ಇಟ್ಟಳು. 'ಹಾಗಾದರೆ ದುಡ್ಡು ಎಲ್ಲಿ ಹೋಯಿತು?' ಎಂದಳು.

ನನ್ನ ಬಳಿ ಉತ್ತರ ಇರಲಿಲ್ಲ. ಅಂದ ಹಾಗೆ, ಆಮದು ನಿಂತ ಮೇಲೆ ಇಲ್ಲಿಯ ದರ ಏರಿತೇ? 2018ರ ಆರಂಭದ ರಾಶಿಗೆ ಬೆಂಬಲ ಬೆಲೆ 5,450 ಇತ್ತು, ಮಾರ್ಕೆಟ್ಟು ಆಗಲೂ ಅದನ್ನು ಮುಟ್ಟಲಿಲ್ಲ. ಗೋದಾಮುಗಳಲ್ಲಿ ಹಳೆಯ ಮಾಲು ತುಂಬಿತ್ತು. ನಮ್ಮ ರಾಶಿಯ ಮುಂಚೆ ಹೊರಗಿನ ಮಾಲು ಬಂದು ಬೀಳುವುದರಿಂದ ನಮಗೆ ಪೆಟ್ಟು ಬೀಳುತ್ತದೆ ಎಂಬುದು ನಿಜ, ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಬಾಗಿಲು ತೆಗೆಯುವುದೂ ಮುಚ್ಚುವುದೂ ಬಿತ್ತನೆಗೆ ಮೊದಲು ಹೇಳಬೇಕು, ರಾಶಿ ಮಾಡಿದ ಮೇಲಲ್ಲ. ನಮ್ಮ ರೈತನಿಗೂ ಮೇ ತಿಂಗಳಲ್ಲಿ ಹೇಳಬೇಕು, ಅವರಿಗೂ ನವೆಂಬರಿನಲ್ಲಿ ಹೇಳಬೇಕು. 2021ರ ಮೇ ತಿಂಗಳಲ್ಲಿ ಮತ್ತೆ ಬಾಗಿಲು ತೆರೆದರು. ಮಟವಾರಾದ ಗಾಡಿ ಈಗ ಮತ್ತೆ ಕಾಪನೂರಿಗೆ ಬರುತ್ತದೆ. ಅಣ್ಣ ಈಗ ಅರ್ಧ ಹೊಲಕ್ಕೆ ತೊಗರಿ, ಅರ್ಧಕ್ಕೆ ಉದ್ದು, ಜೋಳ ಹಾಕುತ್ತಾನೆ. ನೀ ಯಾರ ಕಡಿ ಎಂದು ಮತ್ತೆ ಕೇಳಿಲ್ಲ. ಬೀಬಿಯ ಮಾತು ಅವನಿಗೆ ಹೇಳಿದ್ದೆ. 'ಅದನ್ನ ನಾನೂ ಕೇಳಬೇಕಂತಿದ್ದೆ' ಎಂದ.

ಮಕ್ಕಳಿಗೆ ಒಂದೆರಡು ಮಾತು ಉಳಿದಿದೆ. ಆ ದೇಶದ ಮೊದಲ ಅಧ್ಯಕ್ಷರು ಜೂಲಿಯಸ್ ನೈರೇರೆ. ದೇಶಕ್ಕೆ 1961ರ ಡಿಸೆಂಬರ್ 9ರಂದು ಸ್ವಾತಂತ್ರ್ಯ ಬಂತು. ಅವರು ಅದಕ್ಕೆ ಮೊದಲು ಶಾಲೆಯ ಮಾಸ್ತರರಾಗಿದ್ದರು. ಅಧ್ಯಕ್ಷರಾದ ಮೇಲೂ ಜನ ಅವರನ್ನು ಕರೆಯುತ್ತಿದ್ದದ್ದು 'ಮ್ವಾಲಿಮು' ಎಂದು, ಅಂದರೆ ಗುರುಗಳು. ಷೇಕ್ಸ್‌ಪಿಯರನ ನಾಟಕ ಎರಡನ್ನು ಸ್ವಾಹಿಲಿಗೆ ಅನುವಾದ ಮಾಡಿದವರು ಅವರು. ಅಲ್ಲಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿಯಲ್ಲಿ, ಹೈಸ್ಕೂಲು ಒಮ್ಮೆಲೇ ಇಂಗ್ಲಿಷಿನಲ್ಲಿ. ಒಂದು ಹಳ್ಳಿಯ ಹೈಸ್ಕೂಲಿನ ಹುಡುಗರ ಜೊತೆ ಕೂತಿದ್ದೆ. ಪಾಠ ಬಾಯಿಪಾಠ ಮಾಡುತ್ತಾರೆ, ಅರ್ಥ ಕೇಳಿದರೆ ತಲೆ ಬಗ್ಗಿಸುತ್ತಾರೆ. ಇಲ್ಲಿಂದ ಪಿಯುಸಿ ಸೈನ್ಸಿಗೆ ಹೋದಾಗ ನಮಗೆ ಆದದ್ದೂ ಅದೇ. ಆಳಂದದ ಕಾಲೇಜಿನಲ್ಲಿ ಮೊದಲ ಆರು ತಿಂಗಳು ನಾವು ನಾಲ್ಕು ಜನ ಹಿಂದಿನ ಬೆಂಚಿನಲ್ಲಿ ಬಾಯಿ ತೆರೆಯದೆ ಕೂತಿದ್ದೆವು. ಆ ನಾಲ್ವರಲ್ಲಿ ಇಬ್ಬರು ಓದು ಬಿಟ್ಟರು. ಇಲ್ಲಿಯ ಗುರುಗಳು ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಒಂದು ತಿಂಗಳು ಸೈನ್ಸಿನ ಇಂಗ್ಲಿಷ್ ಪದಗಳನ್ನು ಹೇಳಿಕೊಟ್ಟರೆ ಒಳ್ಳೆಯದು. ಅದಕ್ಕೆ ತಗಲುವ ಪುಸ್ತಕದ ಖರ್ಚು ನಮ್ಮ ಬ್ಯಾಚಿನವರು ಕೊಡುತ್ತೇವೆ. ನಿನ್ನೆ ರಾತ್ರಿ ಕೂತು ಒಪ್ಪಿಕೊಂಡಿದ್ದೇವೆ.

ಶಾಲೆಗೆ ಆಫ್ರಿಕದ ಒಂದು ದೊಡ್ಡ ನಕಾಶೆ ತಂದಿದ್ದೇನೆ. ಹಳೆಯದು ಹರಿದಿದೆ, ಅದರಲ್ಲಿ ಕೆಲವು ದೇಶದ ಹೆಸರೂ ಬದಲಾಗಿವೆ. ಪಾಸ್‌ಪೋರ್ಟು ಹೇಗೆ, ಹಳದಿ ಪುಸ್ತಕ ಎಲ್ಲಿ, ಏಜೆಂಟರಿಗೆ ದುಡ್ಡು ಕೊಡಬೇಕೇ ಎಂದು ಕೇಳುವವರು ಸಂಜೆಯವರೆಗೆ ಲೈಬ್ರರಿ ಕೋಣೆಗೆ ಬನ್ನಿ. ಏಜೆಂಟರಿಗೆ ಕೊಡಬೇಡಿ ಎಂಬುದನ್ನು ಈಗಲೇ ಹೇಳಿದ್ದೇನೆ. ಆ ಎತ್ತರದ ತೊಗರಿಯ ಬೀಜ ತಂದಿದ್ದೀಯೇನೋ ಎಂದು ಬೆಳಿಗ್ಗೆಯಿಂದ ಐದಾರು ಕಾಕಾಗಳು ಕಿವಿಯಲ್ಲಿ ಕೇಳಿದ್ದಾರೆ. ತಂದಿಲ್ಲ. ಪರವಾನಗಿ ಇಲ್ಲದೆ ಬೀಜ ತರುವಂತಿಲ್ಲ, ಜೊತೆಗೆ ರೋಗವೂ ಬರುತ್ತದೆ. ಅದಲ್ಲದೆ ಅದು ನಮ್ಮ ಮಳೆಗೆ ಬರುವ ಬೆಳೆ ಅಲ್ಲ, ಹೂ ಬಿಡುವ ಹೊತ್ತಿಗೆ ನಮ್ಮ ಹೊಲದ ಹಸಿ ಆರಿರುತ್ತದೆ.